ತಟ್ಟೆ ತೊಳೆದ ನೀರು ಬಾಳೆಯ ಬುಡಕ್ಕೆ

ಸರ್ಕಾರಿ ಪ್ರಾಥಮಿಕ ಶಾಲೆಯ ಪರಿಸರ ಚಟುವಟಿಕೆ ಎಂದೊಡನೆ ಬಹುತೇಕರಿಗೆ ನೆನಪಾಗುವುದು ಜೂನ್ 5ರ ಸಸಿ ನೆಡುವ ಕಾರ್ಯಕ್ರಮ. ಅತಿಥಿಗಳು, ಬ್ಯಾನರು, ಹೊಂಗೆಯದೋ ಬೇವಿನದೋ ಸಸಿ, ಒಂದು ಕೊಡ ನೀರು, ಮರುದಿನದ ಪತ್ರಿಕೆಯಲ್ಲಿ ಫೋಟೊ. ಇದರಲ್ಲಿ ತಪ್ಪೇನಿಲ್ಲ. ಆದರೆ ಶಾಲೆಯೊಂದು ಪರಿಸರದ ಪಾಠವನ್ನು ನಿಜಕ್ಕೂ ಕಲಿಸುತ್ತಿದೆಯೇ ಎಂದು ತಿಳಿಯಬೇಕಾದರೆ ಬಿಸಿಯೂಟ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಲ್ಲುವ ನಲ್ಲಿಕಟ್ಟೆಯನ್ನು ನೋಡಬೇಕು. ಅಲ್ಲಿ ತಟ್ಟೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಪ್ರಶ್ನೆ ಸಾಕು. ಗೋಡೆಯ ಬದಿಯಲ್ಲಿ ಕೊಚ್ಚೆಯಾಗಿ ನಿಂತು ಸೊಳ್ಳೆ ಸಾಕುತ್ತಿದ್ದರೆ ಆ ಶಾಲೆಯ ಗೋಡೆಬರಹಗಳಿಗೆ ಅರ್ಥವಿಲ್ಲ. ಅದೇ ನೀರು ಬಾಳೆಯ ಬುಡ ಸೇರುತ್ತಿದ್ದರೆ, ಗೋಡೆಯ ಮೇಲೆ ಏನೂ ಬರೆಯದಿದ್ದರೂ ಪಾಠ ನಡೆಯುತ್ತಿದೆ ಎಂದೇ ಲೆಕ್ಕ.

ಈ ಏರ್ಪಾಡು ತೀರಾ ಸರಳ. ನಲ್ಲಿಕಟ್ಟೆಗೆ ಸ್ವಲ್ಪ ಇಳಿಜಾರು ಕೊಟ್ಟು, ನೀರು ಹೊರಬೀಳುವ ಬಾಯಿಗೆ ಒಂದು ಜಾಲರಿ ಇಡುತ್ತಾರೆ. ಅನ್ನದ ಅಗುಳು, ಸಾಂಬಾರಿನ ಕರಿಬೇವು, ತರಕಾರಿ ಸಿಪ್ಪೆ ಅಲ್ಲೇ ನಿಲ್ಲುತ್ತವೆ. ಅದನ್ನು ದಿನವೂ ಬಳಿದು ಗೊಬ್ಬರದ ಗುಂಡಿಗೆ ಹಾಕಬೇಕು. ಎರಡು ದಿನ ಬಿಟ್ಟರೆ ನಾರುತ್ತದೆ. ಜಾಲರಿ ದಾಟಿದ ನೀರು ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ತುಂಬಿದ ಗುಂಡಿಯೊಳಗೆ ಇಳಿದು, ಜಿಡ್ಡು ಕಳೆದುಕೊಂಡು, ಕಾಲುವೆಯಲ್ಲಿ ಗಿಡಗಳ ಕಡೆ ಹರಿಯುತ್ತದೆ. ಕಾಲುವೆಯ ಅಂಚಿಗೆ ಕೆಸು ನೆಟ್ಟರೆ ಮಣ್ಣೂ ಕೊಚ್ಚಿಹೋಗುವುದಿಲ್ಲ. ಸೋಪಿನ ಅಂಶವಿರುವ ಈ ನೀರು ಬಾಳೆ, ಪಪ್ಪಾಯಿ, ನುಗ್ಗೆಗೆ ಸಲ್ಲುತ್ತದೆ. ಕೊತ್ತಂಬರಿ, ಮೆಂತ್ಯದಂಥ ಸೊಪ್ಪಿನ ಮಡಿಗೆ ಮಾತ್ರ ಶುದ್ಧ ನೀರೇ ಬೇಕು. ನೂರು ಮಕ್ಕಳಿರುವ ಶಾಲೆಯಲ್ಲಿ ಕೈಗೂ ತಟ್ಟೆಗೂ ಸೇರಿ ತಲಾ ಎರಡು ಲೀಟರ್ ಎಂದರೂ ದಿನಕ್ಕೆ 200 ಲೀಟರ್. ಹನಿ ನೀರಾವರಿಯಲ್ಲಿ ಬಾಳೆಯ ಒಂದು ಬುಡಕ್ಕೆ ದಿನಕ್ಕೆ ಸುಮಾರು 15ರಿಂದ 20 ಲೀಟರ್ ಸಾಕಾಗುತ್ತದೆ. ಚರಂಡಿ ಪಾಲಾಗುವ ನೀರಿನಲ್ಲಿ ಹತ್ತು ಬುಡ ಬಾಳೆ ಬದುಕಬಲ್ಲದು ಎಂಬ ಲೆಕ್ಕವನ್ನು ನಾಲ್ಕನೇ ತರಗತಿಯ ಮಗು ತಾನೇ ಮಾಡಬಹುದು. ಗುಣಾಕಾರ, ಭಾಗಾಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಊಟದ ತಟ್ಟೆಯಿಂದ ಕೈತೋಟಕ್ಕೆ, ಕೈತೋಟದಿಂದ ಮತ್ತೆ ತಟ್ಟೆಗೆ ಎಂಬ ಈ ಸುತ್ತು ನಮ್ಮ ಶಾಲೆಗಳಲ್ಲಿ ಸಾಧ್ಯವಾದದ್ದು ಬಿಸಿಯೂಟದಿಂದ. 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ನಿಯಮ. ಅಂದರೆ ನೂರು ಮಕ್ಕಳಿಗೆ ನಿತ್ಯ ಐದು ಕೆ.ಜಿ. ತರಕಾರಿ. ಶಾಲೆಯ ಹಿತ್ತಲು ಅಷ್ಟನ್ನೂ ಕೊಡಲಾರದು, ಕೊಡಬೇಕೆಂದೂ ಇಲ್ಲ. ಟೊಮೆಟೊ ದರ ಏರಿದಾಗ ಸಾಂಬಾರು ತೆಳ್ಳಗಾಗದಂತೆ ವಾರಕ್ಕೆರಡು ದಿನ ನುಗ್ಗೆಸೊಪ್ಪೋ ಪಪ್ಪಾಯಿಕಾಯಿಯೋ ಸಿಕ್ಕರೆ ಅಡುಗೆಯವರಿಗೂ ಮಕ್ಕಳಿಗೂ ಅದು ದೊಡ್ಡ ಆಸರೆ. ತಾವು ನೀರುಣಿಸಿದ ಗಿಡದ ಸೊಪ್ಪನ್ನು ಮಕ್ಕಳು ತಟ್ಟೆಯಂಚಿಗೆ ತಳ್ಳುವುದೂ ಕಡಿಮೆ.

ಈ ಬಗೆಯ ಕಲಿಕೆಗೆ ಸರ್ಕಾರದ ಬೆಂಬಲ ಇಲ್ಲವೆನ್ನುವಂತಿಲ್ಲ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲೇ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. 2001-02ರಿಂದ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಇಕೋ ಕ್ಲಬ್‌ಗಳು ಬಂದವು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ‘ಪರಿಸರ ಮಿತ್ರ ಶಾಲೆ’ ಪ್ರಶಸ್ತಿ ಕೊಡುತ್ತದೆ. ಇವೆಲ್ಲಕ್ಕಿಂತ ದೊಡ್ಡ ಪ್ರಯತ್ನ ಸುವರ್ಣ ಕರ್ನಾಟಕದ ಹೊತ್ತಿನ ‘ಸುವರ್ಣ ಜಲ’. 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ಚಾವಣಿಯ ಮಳೆನೀರು ಹಿಡಿಯುವ ಯೋಜನೆ ಅದು. ಆಲೋಚನೆಯಲ್ಲಿ ಕೊರತೆ ಇರಲಿಲ್ಲ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಮಳೆಯ ಬಯಲುಸೀಮೆಯಲ್ಲೂ ನೂರು ಚದರ ಮೀಟರ್ ಚಾವಣಿಗೆ 60 ಸಾವಿರ ಲೀಟರ್ ಬೀಳುತ್ತದೆ. ಪಾವಗಡದಂತೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಬರುವ ಸೀಮೆಯ ಮಕ್ಕಳಿಗೆ ಅದು ಅಮೃತ. ಆದರೂ ಅನೇಕ ಕಡೆ ತೊಟ್ಟಿಗಳು ಪಾಳುಬಿದ್ದವು. ದೋಣಿಯಲ್ಲಿ ಎಲೆ ಕಟ್ಟಿಕೊಂಡಿತು, ಸೋಸುವ ಮರಳನ್ನು ಯಾರೂ ತೊಳೆಯಲಿಲ್ಲ, ಚಾವಣಿಯ ಧೂಳು ಹೊತ್ತ ಮೊದಲ ಮಳೆಯನ್ನು ಹೊರಬಿಡುವ ಮುಚ್ಚಳ ತೆರೆಯಲಿಲ್ಲ. ಸಿಮೆಂಟು, ಪೈಪು ಹಾಕಿದವರು ಹೊರಟುಹೋದರು. ನಿತ್ಯದ ನಿಗಾ ಯಾರ ಪಾಲಿಗೂ ಬರಲಿಲ್ಲ. ನಲ್ಲಿಕಟ್ಟೆಯ ಬಾಳೆ ಉಳಿಯುವುದೂ ತೊಟ್ಟಿ ಒಡೆಯುವುದೂ ಇದೇ ವ್ಯತ್ಯಾಸದಿಂದ. ಮಕ್ಕಳ ದಿನಚರಿಯೊಳಗೆ ಸೇರಿದ ಕೆಲಸ ಬದುಕುತ್ತದೆ, ಸೇರದ ಕಟ್ಟಡ ಬೀಳುತ್ತದೆ.

ಮಕ್ಕಳ ಕೈಯಲ್ಲಿ ಕೆಲಸ ಮಾಡಿಸುವುದಕ್ಕೇ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ‘ಓದಲು ಕಳಿಸಿದ್ದೇವೆ, ಕೂಲಿಗಲ್ಲ’ ಎನ್ನುವ ಪೋಷಕರ ಮಾತಿನ ಹಿಂದೆ ನೋವಿನ ಅನುಭವವಿದೆ. 2023ರ ಕೊನೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಗುಡಿಸುವ, ಬಳಿಯುವ ಕೆಲಸ ಜಾತಿ ನೋಡಿ, ಹುಡುಗಿಯರೆಂದು ನೋಡಿ ಹಂಚಿಕೆಯಾಗುವ ಅಪಾಯ ನಮ್ಮ ಸಮಾಜದಲ್ಲಿ ಸದಾ ಇದೆ. ಆದ್ದರಿಂದಲೇ ಗೆರೆ ಸ್ಪಷ್ಟವಾಗಿರಬೇಕು. ಶೌಚಾಲಯ, ಚರಂಡಿ, ತೊಟ್ಟಿಯ ಒಳಗಿನ ಕೆಲಸ ಎಂದಿಗೂ ಮಕ್ಕಳದಲ್ಲ. ಜಾಲರಿ ಬಳಿಯುವ, ಗಿಡಕ್ಕೆ ನೀರು ತಿರುಗಿಸುವ, ಮಳೆ ಅಳೆದು ಬರೆಯುವ ಕೆಲಸ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಸರದಿಯಂತೆ ಬರಬೇಕು, ಆ ಸರದಿಯಲ್ಲಿ ಶಿಕ್ಷಕರ ಹೆಸರೂ ಇರಬೇಕು. ಹಾಗೆ ನಡೆದರೆ ಕೆಲಸಕ್ಕೆ ಅಂಟಿರುವ ಮೇಲು ಕೀಳು ಕರಗುವ ಜಾಗ ಶಾಲೆಯೇ ಆದೀತು.

ಇಷ್ಟು ಚಿಕ್ಕ ಕೆಲಸದಿಂದ ಭೂಮಿಯ ತಾಪ ಇಳಿದೀತೇ ಎಂಬುದು ಇನ್ನೊಂದು ಪ್ರಶ್ನೆ. ಇಳಿಯುವುದಿಲ್ಲ. ಕಾರ್ಖಾನೆಗಳ ಹೊಣೆಯನ್ನು ಹತ್ತು ವರ್ಷದ ಮಕ್ಕಳ ಹೆಗಲಿಗೆ ಹೊರಿಸುವುದು ಅನ್ಯಾಯ. ಶಾಲೆ ಕೊಡಬಹುದಾದದ್ದು ಬೇರೆ: ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸ. ಈ ಅಭ್ಯಾಸವಿರುವ ಮಗು ಮುಂದೆ ಗ್ರಾಮಸಭೆಯಲ್ಲಿ ಕೆರೆಯ ಒತ್ತುವರಿಯ ಬಗ್ಗೆಯೂ ಕೇಳೀತು. ಶಿಕ್ಷಕರಿಗೆ ಪುರುಸೊತ್ತಿಲ್ಲ ಎಂಬುದು ಮಾತ್ರ ನಿಜವಾದ ತೊಡಕು. ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವ ಹೊರೆಯ ನಡುವೆ ಆಸಕ್ತ ಶಿಕ್ಷಕರೊಬ್ಬರು ತೋಟ ಕಟ್ಟುತ್ತಾರೆ. ಅವರಿಗೆ ವರ್ಗವಾದರೆ ತೋಟವೂ ಒಣಗುತ್ತದೆ. ಪರಿಸರದ ಕೆಲಸವನ್ನು ಪಾಠದ ಹೊರಗಿನ ಹೆಚ್ಚುವರಿ ಎಂದು ಇಟ್ಟಷ್ಟು ದಿನ ಇದು ತಪ್ಪುವುದಿಲ್ಲ. ಗಣಿತ, ಪರಿಸರ ಅಧ್ಯಯನದ ಅವಧಿಗಳೇ ನಲ್ಲಿಕಟ್ಟೆಯ ಬಳಿ ನಡೆದರೆ ಹೊರೆ ಇಳಿಯುತ್ತದೆ, ದಾಖಲೆ ಪುಸ್ತಕ ಮುಂದಿನ ಶಿಕ್ಷಕರ ಕೈಗೂ ದಾಟುತ್ತದೆ.

ಎಲ್ಲ ಶಾಲಾ ತೋಟಗಳಿಗೂ ಕಠಿಣ ಕಾಲವೆಂದರೆ ಬೇಸಿಗೆ ರಜೆ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಊಟವಿಲ್ಲ, ತಟ್ಟೆಯಿಲ್ಲ, ನೀರೂ ಇಲ್ಲ. ಜೂನ್‌ನಲ್ಲಿ ನೆಟ್ಟ ಸಸಿ ಸಾಯುವುದು ಈ ಆರೇಳು ವಾರಗಳಲ್ಲೇ. ಊರಿನ ಶಾಲೆಗೆ ಏನಾದರೂ ಮಾಡಬೇಕೆಂದು ಬಯಸುವ ಹಳೆಯ ವಿದ್ಯಾರ್ಥಿಗಳಲ್ಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ಒಂದು ವಿನಂತಿ. ಈ ವರ್ಷ ಹೊಸ ಸಸಿಗಳನ್ನು ಕೊಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆರಡು ದಿನ ಇರುವ ಗಿಡಗಳಿಗೆ ನೀರು ಹಾಕುವ ಸರದಿಯಲ್ಲಿ ನಿಮ್ಮ ಹೆಸರು ಬರೆಸಿ.