ಕಡಲ ಪಾಚಿಯಲ್ಲಿ ಅಂಟು ತುಂಬುವುದು ಯಾವಾಗ?



ಕಬ್ಬು ಬೆಳೆದವರಿಗೆ ಒಂದು ಸಂಗತಿ ಗೊತ್ತಿದೆ. ಕಟಾವು ಹತ್ತಿರವಾದಾಗ ಸಾರಜನಕ ಗೊಬ್ಬರ ಹೆಚ್ಚು ಸುರಿದರೆ ಗರಿ ಕಪ್ಪುಹಸಿರಾಗಿ ಸೊಕ್ಕುತ್ತದೆ. ಆದರೆ ರಸ ಸಪ್ಪೆ, ಬೆಲ್ಲ ಸರಿಯಾಗಿ ಅಚ್ಚು ಕಟ್ಟುವುದಿಲ್ಲ. ಕಣ್ಣಿಗೆ ಚೆಂದ, ಆಲೆಮನೆಗೆ ನಷ್ಟ. ಯಾರೂ ಬಿತ್ತದೆ ಕಡಲ ಬಂಡೆಯ ಮೇಲೆ ಬೆಳೆಯುವ ಕೆಂಪು ಪಾಚಿಯದೂ ಇದೇ ಕಥೆ. ಅದನ್ನು ಕೊಯ್ದು ನಾಲ್ಕು ಕಾಸು ಕಾಣಬೇಕೆನ್ನುವ ಕರಾವಳಿಯ ಮನೆಗಳವರು ಇದನ್ನು ತಿಳಿದಿರಬೇಕು.

ಈ ಪಾಚಿಯ ಮೈಯಲ್ಲಿ ಒಂದು ಬಗೆಯ ಅಂಟಿದೆ. ಅದರ ಹೆಸರು ಕ್ಯಾರಜೀನನ್. ಅಲೆ ಬಡಿದಾಗ ಪಾಚಿ ಮುರಿಯದೆ ಬಾಗಲು ಇದು ನೆರವಾಗುತ್ತದೆ. ನಮಗೆ ಇದು ಐಸ್‌ಕ್ರೀಮು, ಚಾಕೊಲೇಟು ಹಾಲು, ಹಲ್ಲುಜ್ಜುವ ಪೇಸ್ಟು ಇವೆಲ್ಲ ಹದವಾಗಿ ನಿಲ್ಲಲು ಬೇಕು. ಕಾರ್ಖಾನೆಯವರು ಕಾಸು ಕೊಡುವುದು ಸೊಪ್ಪಿಗಲ್ಲ, ಒಳಗಿನ ಅಂಟಿಗೆ.

ಈ ಜಾತಿಯಲ್ಲಿ ಚೆನ್ನಾಗಿ ಪರೀಕ್ಷೆಯಾದದ್ದು ಐರಿಷ್ ಮಾಸ್ ಎಂಬ ಪಾಚಿ. ಇದು ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣೀರಿನದು. ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಬಿರುಗಾಳಿ ಅಡಗಿದ ಮೇಲೆ ದಡದವರು ಕುದುರೆಗಳನ್ನು ನೀರಿಗಿಳಿಸಿ, ಅಲೆಗೆ ಕಿತ್ತುಬಂದ ಪಾಚಿಯನ್ನು ಎಳೆದು ತರುತ್ತಿದ್ದರು. ಹರಡಿ ಒಣಗಿಸಿ ಮಾರುತ್ತಿದ್ದರು.

ಅಲ್ಲಿಯ ಹ್ಯಾಲಿಫ್ಯಾಕ್ಸ್ ನಗರದ ವಿಜ್ಞಾನಿ ನೀಶ್ ಮತ್ತು ಅವರ ಜೊತೆಯವರು ಈ ಪಾಚಿಯನ್ನು ತೊಟ್ಟಿಗಳಲ್ಲಿ ಬೆಳೆಸಿ ನೋಡಿದರು. ಆ ಕೆಲಸ 1977ರಲ್ಲಿ ಅಚ್ಚಾಯಿತು. ನೀರಿನಲ್ಲಿ ಸಾರಜನಕ ಹೇರಳವಾಗಿದ್ದರೆ ಪಾಚಿ ಬೇಗ ಬೆಳೆಯುತ್ತದೆ, ಅಂಟು ಕಡಿಮೆ. ಸಾರಜನಕ ಕಡಿಮೆಯಾದರೆ ಬೆಳವಣಿಗೆ ನಿಧಾನ, ಅಂಟು ಹೆಚ್ಚು. ಇದಕ್ಕೆ ‘ನೀಶ್ ಪರಿಣಾಮ’ ಎಂದೇ ಹೆಸರಾಯಿತು.

ಹೀಗೇಕೆ? ಪಾಚಿಯೂ ಬಿಸಿಲಿನ ಬಲದಿಂದ ಸಕ್ಕರೆ ತಯಾರಿಸುತ್ತದೆ. ಸಾರಜನಕ ಸಿಕ್ಕಿದರೆ ಆ ಸಕ್ಕರೆಯನ್ನು ಹೊಸ ಮೈ ಬೆಳೆಸಲು ಖರ್ಚು ಮಾಡುತ್ತದೆ. ಸಾರಜನಕ ತೀರಿತು, ಆದರೆ ಬಿಸಿಲು ಇದೆ ಅನ್ನಿ. ಸಕ್ಕರೆ ಆಗುತ್ತಲೇ ಇರುತ್ತದೆ, ಬೆಳೆಯಲು ಆಗುವುದಿಲ್ಲ. ಆಗ ಅದು ಅಂಟಾಗಿ ಕೂಡಿಕೊಳ್ಳುತ್ತದೆ. ಖರ್ಚು ನಿಂತ ಮನೆಯಲ್ಲಿ ಕಣಜ ತುಂಬಿದ ಹಾಗೆ.

ಆ ಸೀಮೆಯಲ್ಲಿ ಚಳಿಗಾಲದ ಕಡಲು ಕಲಕಿ, ತಳದ ಸಾರ ಮೇಲಕ್ಕೆ ಬರುತ್ತದೆ; ಬೆಳಕು ಕಡಿಮೆ. ಆಗ ಪಾಚಿ ಕಡುನೇರಳೆ ಬಣ್ಣದ್ದು. ಬೇಸಗೆಯಲ್ಲಿ ಬೆಳಕು ಹೆಚ್ಚು, ನೀರಿನ ಸಾರ ತೀರಿರುತ್ತದೆ. ಪಾಚಿ ಹಳದಿಹಸಿರಿಗೆ ತಿರುಗಿ ಬಡಕಲಾದಂತೆ ಕಾಣುತ್ತದೆ. ಅಂಟು ತುಂಬಿರುವುದು ಈ ಬಡಕಲಿನಲ್ಲೇ!

ಇನ್ನೊಂದು ವಿಷಯ. ಒಂದೇ ಪಾಚಿಯಲ್ಲಿ ಎರಡು ತಲೆಮಾರು ಒಂದಾದ ಮೇಲೊಂದು ಬರುತ್ತವೆ. ಒಂದರ ಅಂಟು ಆರಿದಾಗ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಇನ್ನೊಂದರದು ಬರೀ ಗಂಜಿಯಂತೆ ಮಂದವಾಗುತ್ತದೆ. ಇದು ಹುಟ್ಟುಗುಣ, ಹವೆಯಿಂದ ಬದಲಾಗುವುದಿಲ್ಲ.

ನಮ್ಮ ದೇಶದ ಕರಾವಳಿಯ ಬಂಡೆಗಳಲ್ಲೂ ಈ ಅಂಟಿರುವ ಹಿಪ್ನಿಯಾ ಎಂಬ ಕೆಂಪು ಪಾಚಿ ಬೆಳೆಯುತ್ತದೆ. ಆದರೆ ಕೆನಡಾದ ತಿಂಗಳುಗಳನ್ನು ಇಲ್ಲಿಗೆ ಹಚ್ಚಬೇಡಿ. ಪಡುವಣ ಕಡಲಿನಲ್ಲಿ ಕಾಲ ಆಳುವುದು ಮುಂಗಾರು. ಮಳೆಗಾಲದಲ್ಲಿ ಹೊಳೆಗಳು ಸಿಹಿನೀರು, ಹೂಳು ತಂದು ಸುರಿಯುತ್ತವೆ. ನೀರಿನ ಉಪ್ಪು ಇಳಿಯುತ್ತದೆ, ಬೆಳಕು ಮಂಕಾಗುತ್ತದೆ. ಮಳೆ ಹಿಂದಾಗಿ ನೀರು ತಿಳಿಯಾದ ಮೇಲೆ ನಿಮ್ಮ ಊರಿನ ಬಂಡೆಯನ್ನೇ ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. ತಿಂಗಳಿಗೊಮ್ಮೆ ಒಂದೇ ಬಂಡೆಯಿಂದ ಒಂದು ಹಿಡಿ ಪಾಚಿ ತಂದು, ಮರಳು ತೊಳೆದು, ಒಣಗಿಸಿ. ಹತ್ತು ಗ್ರಾಂ ತೂಗಿ, ಅರ್ಧ ಲೀಟರು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಆರಲು ಬಿಡಿ. ಪ್ರತಿ ಸಲವೂ ಅಷ್ಟೇ ಪಾಚಿ, ಅಷ್ಟೇ ನೀರು, ಅಷ್ಟೇ ಹೊತ್ತು. ಯಾವ ತಿಂಗಳಿನದು ಹೆಚ್ಚು ಗಟ್ಟಿ, ಬರೆದಿಡಿ. ಇದು ಪ್ರಯೋಗಶಾಲೆಯ ಲೆಕ್ಕವಲ್ಲ, ಆದರೂ ದಾರಿ ತೋರುತ್ತದೆ.

ಕೊಯ್ಯುವಾಗ ಬುಡ ಬಿಟ್ಟು ಕತ್ತರಿಸಿ. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಒಣಗಲು ಮರಳ ಮೇಲೆ ಹಾಕಬೇಡಿ, ಚಾಪೆಯ ಮೇಲೆ ಹರಡಿ. ಮಳೆಗೆ ಸಿಕ್ಕಿದರೆ ಅಂಟು ತೊಳೆದುಹೋಗುತ್ತದೆ. ಮೋಡ ಕಂಡರೆ ಒಳಗೆ ತನ್ನಿ.

ಇಷ್ಟು ಎಚ್ಚರ ಯಾಕೆಂದರೆ, 1970ರ ದಶಕದಿಂದ ಫಿಲಿಪೈನ್ಸ್ ಕಡಲಿನಲ್ಲಿ ಕೃಷಿ ಮಾಡಿದ ಕೆಂಪು ಪಾಚಿ ಪೇಟೆ ತುಂಬಿತು. ಕೆನಡಾದ ಆ ಕುದುರೆಗಳ ಕೆಲಸ ಈಗ ಬಹುಮಟ್ಟಿಗೆ ನಿಂತಿದೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲೂ ಹೆಂಗಸರು ಬಿದಿರಿನ ತೆಪ್ಪಗಳಲ್ಲಿ ಪಾಚಿ ಬೆಳೆಸುತ್ತಾರೆ. ಇವರ ಮುಂದೆ ಕಾಡುಪಾಚಿ ರಾಶಿಯಲ್ಲಿ ಗೆಲ್ಲಲಾರದು, ಗುಣದಲ್ಲಿ ಮಾತ್ರ ನಿಲ್ಲಬಲ್ಲದು. ಆದ್ದರಿಂದ ಕೊಯ್ಯುವ ಮೊದಲು ಕೊಳ್ಳುವವರಾರು, ಯಾವ ಜಾತಿ ಬೇಕು ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸೊಕ್ಕಿದ ಸೊಪ್ಪಿಗೆ ಮರುಳಾಗದೆ, ಅಂಟು ತುಂಬಿದ ಕಾಲ ನೋಡಿ ಕೈ ಹಾಕಿ.