ಪ್ರಚಲಿತ ವಿದ್ಯಮಾನಗಳು: ಸುದ್ದಿಯ ಬೇರು ಹಿಡಿಯುವ ಓದು

ಜನಜೀವನದ ಮೇಲೆ ಪರಿಣಾಮ ಬೀರುವ, ಈಚೆಗೆ ನಡೆದ ಅಥವಾ ಇನ್ನೂ ನಡೆಯುತ್ತಿರುವ ಘಟನೆ, ಕಾನೂನು, ನ್ಯಾಯಾಲಯದ ತೀರ್ಪು, ಸರ್ಕಾರದ ನೀತಿ ಹಾಗೂ ವೈಜ್ಞಾನಿಕ ಸಾಧನೆಗಳನ್ನು ಒಟ್ಟಾಗಿ ಪ್ರಚಲಿತ ವಿದ್ಯಮಾನಗಳು ಎಂದು ಕರೆಯುವುದು ರೂಢಿ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ನಾಗರಿಕ ಸೇವಾ ಪರೀಕ್ಷೆಯಲ್ಲಿ, ಪೂರ್ವಭಾವಿ ಹಂತದ ಸಾಮಾನ್ಯ ಅಧ್ಯಯನ ಪಠ್ಯಕ್ರಮದ ಮೊದಲ ಸಾಲಿನಲ್ಲೇ ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಮಹತ್ವದ ಘಟನೆಗಳ ಪ್ರಸ್ತಾಪವಿದೆ. ಇತಿಹಾಸ, ಭೂಗೋಳ, ಸಂವಿಧಾನ, ಅರ್ಥಶಾಸ್ತ್ರಗಳಿಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಬಹುದಾದ ಪುಸ್ತಕಗಳಿವೆ. ಪ್ರಚಲಿತ ವಿದ್ಯಮಾನಗಳಿಗೆ ಅಂಥ ಪುಸ್ತಕವಿಲ್ಲ, ಏಕೆಂದರೆ ಅದಕ್ಕೆ ದಿನವೂ ಹೊಸ ಪುಟ ಸೇರುತ್ತಲೇ ಇರುತ್ತದೆ. ಈ ಕಾರಣದಿಂದ ಗಾಬರಿಗೊಂಡ ಅನೇಕ ಅಭ್ಯರ್ಥಿಗಳು ತಿಂಗಳ ಸಂಕಲನಗಳನ್ನು ರಾಶಿ ಹಾಕಿಕೊಂಡು ಬಾಯಿಪಾಠಕ್ಕೆ ಇಳಿಯುತ್ತಾರೆ. ಆದರೆ ಪರೀಕ್ಷೆ ಬಯಸುವುದು ಸುದ್ದಿಯ ಸಂಗ್ರಹವನ್ನಲ್ಲ, ಸುದ್ದಿಯ ಹಿಂದಿರುವ ವ್ಯವಸ್ಥೆಯ ತಿಳಿವಳಿಕೆಯನ್ನು.

ಪರೀಕ್ಷೆಯ ರಚನೆ

ಪರೀಕ್ಷೆ ಮೂರು ಹಂತಗಳಲ್ಲಿ ನಡೆಯುತ್ತದೆ. ಪೂರ್ವಭಾವಿ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ 200 ಅಂಕಗಳಿಗೆ 100 ಪ್ರಶ್ನೆಗಳಿದ್ದು, ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು. ಉತ್ತರ ತಪ್ಪಾದರೆ ಆ ಪ್ರಶ್ನೆಗೆ ನಿಗದಿಯಾದ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ. ಅದೇ ಹಂತದ ಎರಡನೆಯ ಪತ್ರಿಕೆ ಅಭಿಕ್ಷಮತೆಯನ್ನು ಅಳೆಯುವಂಥದ್ದು. ಅದರಲ್ಲಿ ಶೇ 33ರಷ್ಟು ಅಂಕ ಪಡೆದರೆ ಸಾಕು. ಮುಖ್ಯ ಪರೀಕ್ಷೆ ವಿವರಣಾತ್ಮಕ ಸ್ವರೂಪದ್ದಾಗಿದ್ದು, ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳು ಮತ್ತು ಐಚ್ಛಿಕ ವಿಷಯದ ಎರಡು ಪತ್ರಿಕೆಗಳು ಸೇರಿ 1750 ಅಂಕಗಳಾಗುತ್ತವೆ. ವ್ಯಕ್ತಿತ್ವ ಪರೀಕ್ಷೆ ಎನಿಸಿಕೊಂಡ ಸಂದರ್ಶನಕ್ಕೆ 275 ಅಂಕಗಳಿವೆ. ಪ್ರಚಲಿತ ವಿದ್ಯಮಾನಗಳು ಈ ಮೂರೂ ಹಂತಗಳಲ್ಲಿ ಹರಡಿಕೊಂಡಿದ್ದರೂ ಒಂದೊಂದು ಹಂತದಲ್ಲಿ ಒಂದೊಂದು ರೂಪ ತಾಳುತ್ತವೆ: ಪೂರ್ವಭಾವಿಯಲ್ಲಿ ಖಚಿತ ಮಾಹಿತಿಯಾಗಿ, ಮುಖ್ಯ ಪರೀಕ್ಷೆಯಲ್ಲಿ ಕಾರಣ ಮತ್ತು ಪರಿಣಾಮಗಳ ವಿಶ್ಲೇಷಣೆಯಾಗಿ, ಸಂದರ್ಶನದಲ್ಲಿ ಸಮತೂಕದ ಅಭಿಪ್ರಾಯವಾಗಿ.

ಒಂದು ಸುದ್ದಿ, ಹಲವು ಬೇರು

ಸುದ್ದಿಯ ಹಿಂದಿರುವ ವ್ಯವಸ್ಥೆಯನ್ನು ಅರಿಯುವುದು ಎಂದರೇನು ಎಂಬುದು ಮಹಿಳಾ ಮೀಸಲಾತಿ ಕಾಯ್ದೆಯ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಸಂಸತ್ ಭವನದಲ್ಲಿ ಮಂಡನೆಯಾದ ಮಸೂದೆಯನ್ನು ಲೋಕಸಭೆ 454 ಮತಗಳಿಂದ ಅಂಗೀಕರಿಸಿತು, ವಿರುದ್ಧ ಬಿದ್ದ ಮತಗಳು ಎರಡು ಮಾತ್ರ. ರಾಜ್ಯಸಭೆಯಲ್ಲಿ ವಿರೋಧವೇ ಬರಲಿಲ್ಲ. ರಾಷ್ಟ್ರಪತಿಗಳ ಅಂಕಿತ, ಅಂದರೆ ಮಸೂದೆ ಕಾನೂನಾಗಲು ಬೇಕಾದ ಒಪ್ಪಿಗೆಯ ಸಹಿ, ಅದೇ ತಿಂಗಳ 28ರಂದು ದೊರೆತು ಅದು ಸಂವಿಧಾನದ 106ನೇ ತಿದ್ದುಪಡಿ ಎನಿಸಿತು. ಲೋಕಸಭೆ, ರಾಜ್ಯ ವಿಧಾನಸಭೆಗಳು ಮತ್ತು ದೆಹಲಿ ವಿಧಾನಸಭೆಯಲ್ಲಿ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವುದು ಅದರ ತಿರುಳು. ಬಾಯಿಪಾಠ ಮಾಡುವ ಅಭ್ಯರ್ಥಿ ಇಷ್ಟನ್ನು ಬರೆದುಕೊಂಡು ಮುಂದಿನ ಸುದ್ದಿಗೆ ಹೋಗುತ್ತಾನೆ. ಬೇರು ಹುಡುಕುವ ಅಭ್ಯರ್ಥಿಗೆ ಓದು ಶುರುವಾಗುವುದೇ ಇಲ್ಲಿಂದ.

ಮೊದಲ ಬೇರು ಇತಿಹಾಸದ್ದು. ಸಂಸತ್ತಿನಲ್ಲಿ ಈ ಬಗೆಯ ಮಸೂದೆ ಮೊದಲು ಮಂಡನೆಯಾದದ್ದು 1996ರಲ್ಲಿ, ಎಚ್‌.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಆಮೇಲೆ ಹಲವು ಬಾರಿ ಬಂದು ಬಿದ್ದುಹೋದ ಈ ಪ್ರಯತ್ನ 2010ರಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆದರೂ ಲೋಕಸಭೆಯನ್ನು ದಾಟಲಿಲ್ಲ. ಎರಡನೆಯ ಬೇರು ಸ್ಥಳೀಯ ಆಡಳಿತದ್ದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯತಿಗಳಲ್ಲಿ ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿರಿಸಿತು. ಅದಕ್ಕೂ ಮುಂಚೆಯೇ ಕರ್ನಾಟಕದ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಶೇ 25ರಷ್ಟು ಮೀಸಲಾತಿಯನ್ನು ಒದಗಿಸಿತ್ತು, 1987ರಲ್ಲಿ ಆ ಕಾಯ್ದೆಯಡಿ ಚುನಾವಣೆಯೂ ನಡೆದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರ ಹಾಗೂ ಅದರಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನೊಡನೆ ಬೆಸೆದುಕೊಂಡಿರುವ ಈ ಪ್ರಯೋಗವನ್ನು ಬಲ್ಲ ಕನ್ನಡದ ಅಭ್ಯರ್ಥಿಗೆ, ಮುಖ್ಯ ಪರೀಕ್ಷೆಯ ಉತ್ತರದಲ್ಲಿ ಕೊಡಲು ತನ್ನ ನೆಲದ್ದೇ ಆದ ದೃಷ್ಟಾಂತ ಸಿಗುತ್ತದೆ.

ಮೂರನೆಯ ಬೇರು ಇನ್ನೂ ಆಳಕ್ಕೆ ಇಳಿದಿದೆ. ಅಂಗೀಕಾರವಾದ ರೂಪದಲ್ಲಿ ಈ ತಿದ್ದುಪಡಿ ಸೇರಿಸಿದ 334ಎ ವಿಧಿಯ ಪ್ರಕಾರ, ಕಾಯ್ದೆ ಬಂದ ನಂತರದ ಮೊದಲ ಜನಗಣತಿಯ ಅಂಕಿಅಂಶಗಳು ಪ್ರಕಟವಾಗಿ, ಅವುಗಳ ಆಧಾರದ ಮೇಲೆ ಕ್ಷೇತ್ರ ಪುನರ್‌ವಿಂಗಡಣೆ ನಡೆದ ಬಳಿಕವೇ ಮೀಸಲಾತಿ ಕಾರ್ಯರೂಪಕ್ಕೆ ಬರಬೇಕು. ಜನಸಂಖ್ಯೆಗೆ ತಕ್ಕಂತೆ ಚುನಾವಣಾ ಕ್ಷೇತ್ರಗಳ ಸಂಖ್ಯೆ ಮತ್ತು ಗಡಿಗಳನ್ನು ಮತ್ತೆ ಗೊತ್ತುಪಡಿಸುವುದೇ ಕ್ಷೇತ್ರ ಪುನರ್‌ವಿಂಗಡಣೆ. ಲೋಕಸಭೆಯಲ್ಲಿ ರಾಜ್ಯಗಳಿಗೆ ಹಂಚಿಕೆಯಾದ ಸ್ಥಾನಗಳು 1971ರ ಜನಗಣತಿಯನ್ನು ಆಧರಿಸಿದ್ದು, 1976ರ 42ನೇ ತಿದ್ದುಪಡಿ ಈ ಹಂಚಿಕೆಯನ್ನು ಮೊದಲು ತಡೆಹಿಡಿಯಿತು, 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಕುಟುಂಬ ಯೋಜನೆಯಲ್ಲಿ ಮುಂದಿರುವ ದಕ್ಷಿಣದ ರಾಜ್ಯಗಳು ಹೊಸ ಲೆಕ್ಕಾಚಾರದಲ್ಲಿ ತಮ್ಮ ಪ್ರಾತಿನಿಧ್ಯದ ಪಾಲು ಕುಗ್ಗೀತೆಂದು ಆತಂಕಪಡುವುದು ಈ ಕಾರಣದಿಂದಲೇ. ಹೀಗೆ ಮಹಿಳಾ ಮೀಸಲಾತಿಯ ಎಳೆ ಹಿಡಿದು ಹೊರಟ ಓದು ಜನಗಣತಿಯನ್ನು ಹಾಯ್ದು ಒಕ್ಕೂಟ ವ್ಯವಸ್ಥೆಯ ಮೂಲಪ್ರಶ್ನೆಗೆ ಬಂದು ಮುಟ್ಟುತ್ತದೆ.

ಪೂರ್ವಭಾವಿ ಪರೀಕ್ಷೆಯ ಹೇಳಿಕೆ ಆಧಾರಿತ ಪ್ರಶ್ನೆಗಳೂ ಇಂಥ ಓದಿಗೇ ಮಣಿಯುತ್ತವೆ. "ಈ ಮೀಸಲಾತಿ ರಾಜ್ಯಸಭೆಗೂ ವಿಧಾನ ಪರಿಷತ್ತುಗಳಿಗೂ ಅನ್ವಯಿಸುತ್ತದೆ" ಎಂಬ ಹೇಳಿಕೆ ಎದುರಾಯಿತೆನ್ನಿ. ಸುದ್ದಿಯ ತಲೆಬರಹವನ್ನಷ್ಟೇ ಕಂಡವರು ಅದನ್ನು ನಂಬಿಬಿಡಬಹುದು. ಮೀಸಲಾತಿ ಜನರಿಂದ ನೇರವಾಗಿ ಆಯ್ಕೆಯಾಗುವ ಸದನಗಳಿಗೆ ಮಾತ್ರ ಸೀಮಿತವೆಂದು ಅರಿತವರು ಅದು ತಪ್ಪೆಂದು ಕೂಡಲೇ ಗುರುತಿಸುತ್ತಾರೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ಸ್ಥಾನಗಳ ಒಳಗೂ ಮೂರನೇ ಒಂದರಷ್ಟು ಆ ಸಮುದಾಯಗಳ ಮಹಿಳೆಯರಿಗೆ ಸಲ್ಲಬೇಕೆಂಬ ಅಂಶ ಅಂಥದ್ದೇ ಇನ್ನೊಂದು ಪ್ರಶ್ನೆಯಾಗಬಲ್ಲದು.

ಸಂಸ್ಕೃತಿಯ ಸುದ್ದಿಗೂ ಇದೇ ಕ್ರಮ

ಈ ಕ್ರಮ ರಾಜಕೀಯ ಸುದ್ದಿಗೆ ಮಾತ್ರ ಮೀಸಲಲ್ಲ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, ಭಾರತದ 42ನೇ ತಾಣವೆನಿಸಿದವು. ಈ ಸುದ್ದಿಯಿಂದ ಒಂದು ದಾರಿ 12ನೇ ಶತಮಾನದ ವಿಷ್ಣುವರ್ಧನನ ಕಾಲಕ್ಕೂ, 13ನೇ ಶತಮಾನದಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯಕ್ಕೂ, ಕುಸುರಿ ಕೆತ್ತನೆಗೆ ಒಗ್ಗುವ ಮೆದುವಾದ ಬಳಪದ ಕಲ್ಲಿಗೂ, ನಕ್ಷತ್ರಾಕಾರದ ಜಗತಿಗೂ, ಅಂದರೆ ದೇಗುಲ ನಿಂತಿರುವ ಎತ್ತರದ ಕಟ್ಟೆಗೂ, ಒಯ್ಯುತ್ತದೆ. ಇನ್ನೊಂದು ದಾರಿ 1972ರ ವಿಶ್ವ ಪರಂಪರೆಯ ಒಡಂಬಡಿಕೆಗೂ, ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೂ, ರಾಷ್ಟ್ರೀಯ ಸ್ಮಾರಕಗಳನ್ನು ಕಾಪಾಡಬೇಕೆಂದು ರಾಜ್ಯಕ್ಕೆ ನಿರ್ದೇಶಿಸುವ ಸಂವಿಧಾನದ 49ನೇ ವಿಧಿಗೂ ಸಾಗುತ್ತದೆ. ಹಂಪಿ, ಪಟ್ಟದಕಲ್ಲು ಅದೇ ಪಟ್ಟಿಯಲ್ಲಿ 1980ರ ದಶಕದಿಂದಲೇ ಇವೆ. ನೈಸರ್ಗಿಕ ತಾಣವಾಗಿ ಪಶ್ಚಿಮ ಘಟ್ಟಗಳು 2012ರಲ್ಲಿ ಸೇರಿದವು ಎಂಬುದನ್ನೂ ಜೊತೆಗಿಟ್ಟು ನೋಡಿದರೆ ಕಲೆ, ಇತಿಹಾಸ, ಪರಿಸರ ಮತ್ತು ಸಂವಿಧಾನ ಒಂದೇ ಹಾಳೆಯ ಮೇಲೆ ಕೂಡುತ್ತವೆ.

ಓದಿನ ಆಕರ ಮತ್ತು ಟಿಪ್ಪಣಿ

ಆಕರಗಳ ಸಂಖ್ಯೆಗಿಂತ ಅವುಗಳ ಗುಣ ಮುಖ್ಯ. ಒಂದು ಒಳ್ಳೆಯ ದಿನಪತ್ರಿಕೆ, ಪತ್ರಿಕಾ ಮಾಹಿತಿ ಕಚೇರಿಯ ಪ್ರಕಟಣೆಗಳು, ಕೇಂದ್ರ ಬಜೆಟ್, ಬಜೆಟ್‌ಗೆ ಮುನ್ನ ಮಂಡನೆಯಾಗುವ ಆರ್ಥಿಕ ಸಮೀಕ್ಷೆ, ಕನ್ನಡದಲ್ಲೂ ಪ್ರಕಟವಾಗುವ ಯೋಜನಾ ಮಾಸಿಕ, ಇಷ್ಟನ್ನು ನಿಷ್ಠೆಯಿಂದ ಓದಿದರೆ ತಳಪಾಯ ಗಟ್ಟಿಯಾಗುತ್ತದೆ. ದಿನಪತ್ರಿಕೆಯಲ್ಲೂ ಪಕ್ಷಗಳ ಪರಸ್ಪರ ಆರೋಪ, ಅಪರಾಧ ವಾರ್ತೆ, ಚುನಾವಣಾ ಭಾಷಣಗಳನ್ನು ಬದಿಗಿಟ್ಟು, ಕಾನೂನು, ತೀರ್ಪು, ಯೋಜನೆ, ವರದಿ ಮತ್ತು ಸಂಪಾದಕೀಯ ಪುಟಕ್ಕೆ ಹೆಚ್ಚು ಹೊತ್ತು ಕೊಡುವುದು ಲೇಸು. ಟಿಪ್ಪಣಿಯನ್ನು ದಿನಾಂಕದ ಕ್ರಮದಲ್ಲಿ ಬರೆಯದೆ ಪಠ್ಯಕ್ರಮದ ಶೀರ್ಷಿಕೆಯಡಿ ಬರೆದುಕೊಳ್ಳಬೇಕು. ಒಂದು ವಿಷಯಕ್ಕೆ ಒಂದು ಹಾಳೆ ಮೀಸಲಿಟ್ಟು, ಏನು ನಡೆಯಿತು, ಯಾವ ವಿಧಿ ಅಥವಾ ಕಾಯ್ದೆ ಅದಕ್ಕೆ ಆಧಾರ, ಹಿಂದೆ ಏನಾಗಿತ್ತು, ಪರ ಮತ್ತು ವಿರೋಧದ ವಾದಗಳೇನು ಎಂಬ ನಾಲ್ಕು ಭಾಗ ಮಾಡಿಕೊಂಡರೆ, ಅದೇ ವಿಷಯ ಆರು ತಿಂಗಳ ಬಳಿಕ ಮತ್ತೆ ಸುದ್ದಿಯಾದಾಗ ಅದೇ ಹಾಳೆಗೆ ಎರಡು ಸಾಲು ಸೇರಿಸಿದರೆ ಸಾಕು.

ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಇನ್ನೊಂದು ಎಚ್ಚರ ವಹಿಸಬೇಕು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವಿದ್ದರೂ ಸಾಮಾನ್ಯ ಅಧ್ಯಯನದ ಪ್ರಶ್ನೆಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಆದ್ದರಿಂದ ಪ್ರತಿಯೊಂದು ಪಾರಿಭಾಷಿಕ ಪದವನ್ನೂ, ಅಂದರೆ ಒಂದು ಶಾಸ್ತ್ರ ಖಚಿತ ಅರ್ಥದಲ್ಲಿ ಬಳಸುವ ಪದವನ್ನೂ, ಎರಡು ಭಾಷೆಗಳಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಬೇಕು. ವಿತ್ತೀಯ ಕೊರತೆ ಮತ್ತು ಕಂದಾಯ ಕೊರತೆಯ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲವರೂ, ಇಂಗ್ಲಿಷ್ ಪದದ ಗುರುತು ಸಿಗದೆ ಅಂಕ ಕಳೆದುಕೊಂಡರೆ ಅದು ತಿಳಿವಳಿಕೆಯ ಸೋಲಲ್ಲ, ಸಿದ್ಧತೆಯ ಲೋಪ.

ಪರೀಕ್ಷೆ ಮುಗಿದ ಮೇಲೂ ಈ ಓದು ಮುಗಿಯುವುದಿಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಬರುವ ರೈತನ ಸಮಸ್ಯೆಯ ಹಿಂದೆ ಯಾವ ಕಾಯ್ದೆ, ಯಾವ ಯೋಜನೆ, ಯಾವ ಲೋಪ ಅಡಗಿದೆ ಎಂದು ಹುಡುಕುವ ಅಧಿಕಾರಿ ಮಾಡುವುದೂ ಇದೇ ಕೆಲಸವನ್ನು. ಆದ್ದರಿಂದ ಅಭ್ಯರ್ಥಿಗಳು ನಾಳೆಯ ದಿನಪತ್ರಿಕೆಯಲ್ಲಿ ಒಂದೇ ಒಂದು ಸುದ್ದಿಯನ್ನು ಆರಿಸಿಕೊಂಡು, ಅದರ ಬೇರು ಸಿಗುವವರೆಗೆ ಬಿಡದೆ ಓದಲಿ. ಹತ್ತು ಸುದ್ದಿಗಳ ತಲೆಬರಹಕ್ಕಿಂತ ಆ ಒಂದು ಸುದ್ದಿಯ ಅರಿವು ಹೆಚ್ಚು ಕಾಲ ಉಳಿಯುತ್ತದೆ.