ಉಪ್ಪುಗಾಳಿ ಮತ್ತು ವಿದ್ಯುತ್ ಉಪಕೇಂದ್ರ

ವರದಹಳ್ಳಿ ಇರುವ ಸಾಗರ ತಾಲ್ಲೂಕಿನಲ್ಲೇ ಲಿಂಗನಮಕ್ಕಿ ಅಣೆಕಟ್ಟೆಯೂ ಇದೆ. ಅದರ ನೀರು ಶರಾವತಿ ವಿದ್ಯುದಾಗಾರದ 10 ಘಟಕಗಳನ್ನು ನಡೆಸುತ್ತದೆ. ಒಂದೊಂದರ ಸಾಮರ್ಥ್ಯ 103.5 ಮೆಗಾವಾಟ್. ಈ ವಿದ್ಯುತ್ತು ರಾಜ್ಯದ ಜಾಲವನ್ನು ಸೇರುತ್ತದೆ. ಘಟ್ಟದ ಕೆಳಗೆ ಬೆಳೆಯುತ್ತಿರುವ ಮಂಗಳೂರಿಗೂ ಅದೇ ಜಾಲವೇ ಆಧಾರ.

ಮಂಗಳೂರಿನ ಕಾವೂರಿನಲ್ಲಿ 220 ಕಿಲೋವೋಲ್ಟ್ ಉಪಕೇಂದ್ರವಿದೆ. ಇಷ್ಟು ವೋಲ್ಟೇಜ್ ಏಕೆ ಬೇಕು? 100 ಮೆಗಾವಾಟನ್ನು 11 ಕಿಲೋವೋಲ್ಟಿನಲ್ಲಿ ಸಾಗಿಸಲು ಪ್ರತಿ ತಂತಿಯಲ್ಲಿ ಸುಮಾರು 5,250 ಆಂಪಿಯರ್ ಹರಿಯಬೇಕು. 220 ಕಿಲೋವೋಲ್ಟಿನಲ್ಲಿ 262 ಆಂಪಿಯರ್ ಸಾಕು. ತಂತಿಯಲ್ಲಿನ ನಷ್ಟ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅದೇ ತಂತಿಯಲ್ಲಿ ನಷ್ಟ 400ನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ನಗರ ಬೆಳೆದಂತೆ ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸಿದರೆ ಸಾಲದೇ? ಕರಾವಳಿಯಲ್ಲಿ ಸಾಲದು. ಕಡಲ ಗಾಳಿ ತಂದ ಉಪ್ಪು ಪಿಂಗಾಣಿ ಇನ್ಸುಲೇಟರುಗಳ ಮೇಲೆ ಕೂರುತ್ತದೆ. ಒಣ ಉಪ್ಪು ವಿದ್ಯುತ್ತನ್ನು ಹರಿಯಗೊಡದು. ಇಬ್ಬನಿ ಬಿದ್ದಾಗ ಅದು ಕರಗಿ ವಾಹಕ ಪದರವಾಗುತ್ತದೆ. ಪದರದಲ್ಲಿ ಹರಿಯುವ ಸೋರಿಕೆ ಪ್ರವಾಹದ ಶಾಖಕ್ಕೆ ಅಲ್ಲಲ್ಲಿ ತೇವ ಆರುತ್ತದೆ; ವೋಲ್ಟೇಜಿನ ಬಹುಭಾಗ ಆ ಒಣ ಪಟ್ಟಿಗಳ ಮೇಲೆ ಬಿದ್ದು ಕಿಡಿ ಹಾರುತ್ತದೆ. ಕಿಡಿಗಳು ಒಂದಕ್ಕೊಂದು ಕೂಡಿಕೊಂಡರೆ ಇಡೀ ಇನ್ಸುಲೇಟರನ್ನು ದಾಟುವ ಚಾಪ ಹೊತ್ತಿಕೊಳ್ಳುತ್ತದೆ. ಆಗ ರಕ್ಷಣಾ ವ್ಯವಸ್ಥೆ ಮಾರ್ಗವನ್ನು ಕಡಿಯುತ್ತದೆ, ಬಡಾವಣೆಗಳು ಕತ್ತಲಾಗುತ್ತವೆ. ಜೋರು ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಆದುದರಿಂದ ಈ ಅಪಾಯ ಹೆಚ್ಚಾಗಿರುವುದು ಮಳೆ ನಿಂತ ಮೇಲಿನ ಇಬ್ಬನಿಯ ಮುಂಜಾವಿನಲ್ಲಿ!

ಇದಕ್ಕೆ ಪರಿಹಾರಗಳುಂಟು. ಮೊದಲನೆಯದು, ಇನ್ಸುಲೇಟರಿನ ಮೇಲ್ಮೈ ದಾರಿಯನ್ನು ಉದ್ದ ಮಾಡುವುದು. ಶುದ್ಧ ಹವೆಯ ಪ್ರದೇಶಕ್ಕೆ ಕಿಲೋವೋಲ್ಟಿಗೆ 16 ಮಿಲಿಮೀಟರ್ ಸಾಕಾದರೆ, ಉಪ್ಪುಗಾಳಿ ತೀವ್ರವಾಗಿರುವಲ್ಲಿ 31 ಮಿಲಿಮೀಟರ್ ಬೇಕು. 220 ಕಿಲೋವೋಲ್ಟ್ ವ್ಯವಸ್ಥೆಯ ಗರಿಷ್ಠ ವೋಲ್ಟೇಜ್ 245 ಕಿಲೋವೋಲ್ಟ್. ಗುಣಿಸಿ ನೋಡಿ, ಸುಮಾರು 3.9 ಮೀಟರಿನ ದಾರಿ 7.6 ಮೀಟರ್ ಆಗುತ್ತದೆ. ಎರಡನೆಯದು, ನೀರು ಹರಡದೆ ಹನಿಯಾಗಿ ನಿಲ್ಲುವ ಸಿಲಿಕೋನ್ ರಬ್ಬರ್ ಇನ್ಸುಲೇಟರು. ಮೂರನೆಯದು, ಉಪಕರಣಗಳನ್ನು ಅನಿಲ ತುಂಬಿದ ಲೋಹದ ಕೊಳವೆಗಳೊಳಗೆ ಮುಚ್ಚಿಡುವುದು. ಇದಕ್ಕೆ ಜಾಗವೂ ಬಹಳ ಕಡಿಮೆ ಸಾಕು; ನೆಲ ದುಬಾರಿಯಾದ ನಗರಕ್ಕೆ ಇದು ದೊಡ್ಡ ಅನುಕೂಲ.

ಆದರೆ ಇದರಲ್ಲಿ ಸಾಮಾನ್ಯವಾಗಿ ತುಂಬುವ ಸಲ್ಫರ್ ಹೆಕ್ಸಾಫ್ಲೋರೈಡ್ ಸೋರಿದರೆ, 100 ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 23,000 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಆದ್ದರಿಂದ ಸೋರಿಕೆ ತಡೆಯುವುದು, ಬದಲಿ ಅನಿಲ ಹುಡುಕುವುದು ಆಧುನೀಕರಣದ ಭಾಗವೇ.

ಉಪಕೇಂದ್ರದ ಬೇಲಿಯ ಹತ್ತಿರ ಹೋಗಬೇಡಿ. ತತ್ತ್ವವನ್ನು ತರಗತಿಯಲ್ಲೇ ತಿಳಿಯಬಹುದು. ಶುಭ್ರವಾದ ಗಾಜಿನ ಪಟ್ಟಿಯ ಅರ್ಧಕ್ಕೆ ಮೇಣ ಸವರಿ ನೀರು ಚಿಮುಕಿಸಿ. ಯಾವ ಅರ್ಧದಲ್ಲಿ ನೀರು ಪದರವಾಗಿ ಹರಡಿತು? ಪ್ರವಾಹಕ್ಕೆ ದಾರಿ ಸಿಗುವುದು ಅಲ್ಲಿಯೇ.